ಎರಡನೇ ಮಂಚದ ಸಾಕ್ಷಿ

ಆಗ ನನಗೆ ಅರವತ್ತೆರಡು. ಇದಾಗಿ ಹದಿನೇಳು ವರ್ಷವಾಯಿತು. ಅಡುಗೆಯವಳಿಗೆ ಮನೆಯ ಗುಟ್ಟು ಕೇಳದೆಯೇ ತಿಳಿಯುತ್ತದೆ. ನಾನೂ ಕೇಳಿರಲಿಲ್ಲ. ಕುತೂಹಲ ಇರಲಿಲ್ಲ ಎಂದರೆ ಮಾತ್ರ ಸುಳ್ಳು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನ ಮಗಳ ಫ್ಲ್ಯಾಟಿನ ಕೆಳಗೆ ಮೈಸೂರಿನ ಗಿರೀಶ, ಕೆನಡಾದ ಮೇಷ್ಟ್ರು ಡೇವಿಡ್ ಇದ್ದರು. ಅವರ ಮನೆಯ ಅಡುಗೆ ನನ್ನದು. ರಜೆಯಲ್ಲಿ ಕೆನಡಾಕ್ಕೆ ಹೋಗಿ ಒಬ್ಬರನ್ನೊಬ್ಬರು ಮದುವೆಯಾಗಿ ಬಂದವರು. ಇಲ್ಲಿ ಅದು ಗೊತ್ತಾದರೆ ಜೈಲು. ಹಾಗಾಗಿ ಊರವರ ಕಣ್ಣಿಗೆ ಬರೀ ರೂಮ್‌ಮೇಟುಗಳು. ಎರಡು ಕೋಣೆ, ಎರಡು ಮಂಚ. ಎರಡನೆಯದರಲ್ಲಿ ಯಾರೂ ಮಲಗುತ್ತಿರಲಿಲ್ಲ. ಎ.ಸಿ. ರಿಪೇರಿಯವನಿಗೆ ಸಂಶಯ ಬರಬಾರದೆಂದು ಅದರ ಹಾಸಿಗೆಯನ್ನು ದಿನಾ ಕೆದರುವ ಕೆಲಸ ನನ್ನದು. ಕೈಯಲ್ಲಿ ಕೆದರಿದರೆ ಮಲಗಿದ ಹಾಗೆ ಕಾಣುವುದಿಲ್ಲ. ಆದ್ದರಿಂದ ಅವರು ಕೆಲಸಕ್ಕೆ ಹೋದ ಮೇಲೆ, ಊಟ ಮಾಡಿ, ನಾನೇ ಮಲಗುತ್ತಿದ್ದೆ. ಕೆಲಸದಲ್ಲಿ ನಾನು ಅಷ್ಟು ನಿಯತ್ತು.

ಒಂದು ಶುಕ್ರವಾರ ಗಿರೀಶ ಮುಖ ಇಳಿಸಿಕೊಂಡು ಅಡುಗೆಮನೆಗೆ ಬಂದ. ಡೇವಿಡ್‌ನ ನೌಕರಿ ಮುಗಿಯುತ್ತಿತ್ತು. ಗಿರೀಶನನ್ನು ಸಂಗಾತಿಯೆಂದು ಕೆನಡಾಕ್ಕೆ ಕರೆದೊಯ್ಯಲು ಅರ್ಜಿ ಹಾಕಿದ್ದ. ಮದುವೆ ಕಾಗದ ಸಾಲದಂತೆ, ಒಟ್ಟಿಗೆ ಬಾಳಿದ್ದಕ್ಕೂ ಸಾಕ್ಷಿ ಬೇಕಂತೆ.

"ಫೋಟೋ ಗೀಟೋ ಎಂತದೂ ಇಲ್ವಾ?"

"ಹೆದರಿ ಒಂದೂ ಇಟ್ಕೊಂಡಿಲ್ಲ ಅಮ್ಮ. ಬಾಡಿಗೆ ಕಾಗದದಲ್ಲೂ ನನ್ನೊಬ್ಬನದೇ ಹೆಸರು."

"ಒಳ್ಳೆ ಸಂಸಾರ ಮಾರಾಯ ನಿಮ್ದು! ಅಲ್ಲ, ನಿಮ್ಮಲ್ಲಿ ಹೆಂಡ್ತಿ ಯಾರು?"

"ಇಬ್ರೂ ಗಂಡಂದಿರೇ."

"ಹಾಗಾದ್ರೆ ಅಡುಗೆಗೆ ನಾನು ಬೇಕಾದ್ದು ಸರಿಯೇ."

ಗಿರೀಶ ನಗಲಿಲ್ಲ. "ನಮ್ಮ ಬದುಕು ನೋಡಿರೋರು ನೀವೊಬ್ರೇ. ಎರಡು ಸಾಲು ಬರೆದುಕೊಡ್ತೀರಾ? ಭಯ ಆದ್ರೆ ಬೇಡ."

ಭಯವಿತ್ತು, ಪೊಲೀಸರದ್ದಲ್ಲ. ಸತ್ಯ ಬರೆದರೆ ನನ್ನ ಕಳ್ಳನಿದ್ದೆ ಹೊರಬೀಳುತ್ತಿತ್ತು. ಆದರೂ ಮೂರನೇ ಕ್ಲಾಸಿನ ಅಕ್ಷರದಲ್ಲಿ ಬರೆದೆ: 'ಇವರು ದಂಪತಿ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಗಂಜಿ ಹಿಡಿದು ಕೂರುತ್ತಾನೆ. ಜಗಳವಾದರೆ ಎರಡು ದಿನ ನನ್ನ ಮೂಲಕವೇ ಮಾತಾಡುತ್ತಾರೆ. ಎರಡನೇ ಮಂಚದಲ್ಲಿ ಇಬ್ಬರೂ ಮಲಗುವುದಿಲ್ಲ. ಅಲ್ಲಿ ದಿನಾ ಮಲಗುವವಳು ನಾನು.'

ಓದಿ ಗಿರೀಶ ಬಿದ್ದು ಬಿದ್ದು ನಕ್ಕ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ಡೇವಿಡ್ ಎದ್ದು ಬಂದು ನನ್ನ ಕಾಲಿಗೆ ಬಿದ್ದ. ಯಾರು ಕಲಿಸಿದ್ದೋ, ಮೂಗು ನೆಲಕ್ಕೆ ಬಡಿಯಿತು. ಕೆನಡಾದಲ್ಲಿದ್ದ ಡೇವಿಡ್‌ನ ಅಕ್ಕ ಕಾಗದವನ್ನು ಅನುವಾದ ಮಾಡಿಸಿ ಕೊಟ್ಟಳಂತೆ, ವೀಸಾ ಬಂತು, ಇಬ್ಬರೂ ಹೋದರು. ಅದೆಲ್ಲ ಆಮೇಲಿನ ಮಾತು.

ಮಾರನೆಯ ಬೆಳಿಗ್ಗೆ ಹೋದಾಗ ಎರಡನೇ ಮಂಚದ ಮೇಲೆ ನನಗೆಂದು ಹೊಸ ದಿಂಬು ಇತ್ತು. ಒಲೆ ಹಚ್ಚುವ ಮೊದಲೇ ರಾಜಾರೋಷವಾಗಿ ಮಲಗಿದೆ. ಕಾಗದ ಫಲಿಸಿದರೆ ಈ ಮಂಚ ಯಾರ ಪಾಲೋ ಎಂಬ ಯೋಚನೆ ಹತ್ತಿ, ನಿದ್ದೆ ಹತ್ತಲೇ ಇಲ್ಲ. ಎದ್ದು, ಮೊದಲ ಸಲ ಹಾಸಿಗೆಯನ್ನು ಕೈಯಲ್ಲೇ ಕೆದರಿ, ಕಾಯಿ ತುರಿಯಲು ಕೂತೆ.