ಜೀರುಂಡೆಗಳ ಊಟದ ಏರ್ಪಾಡು

ತಿಪ್ಪೇಶಪ್ಪನಿಗೂ ಪಾರ್ಥೇನಿಯಂ ಗಿಡಕ್ಕೂ ಹುಟ್ಟಾ ವೈರ. ಊರ ಗೋಮಾಳದ ತುಂಬ ಆ ಬಿಳಿ ಹೂವಿನ ಕಳೆ ಎದೆಯೆತ್ತರ ಬೆಳೆದಿತ್ತು. ಎಮ್ಮೆ ಹೊಡೆದುಕೊಂಡು ಅತ್ತ ಕಾಲಿಟ್ಟರೆ ಸಾಕು, ಕತ್ತಿನಿಂದ ಮೊಣಕೈವರೆಗೆ ತುರಿಕೆ ಏಳುತ್ತಿತ್ತು. ಗಿಡದಿಂದ ದೂರ ಇರಿ ಎಂದು ಜಗಳೂರಿನ ಡಾಕ್ಟರು ಮುಲಾಮು ಕೊಟ್ಟಿದ್ದರು. ಗೋಮಾಳ ಬಿಟ್ಟು ಎಮ್ಮೆ ಮೇಯಿಸಲು ಪಾಪ, ಅವನೇನು ಆಕಾಶಕ್ಕೆ ಹೋಗಬೇಕೆ?

ಹೀಗಿರುವಾಗ ಕೃಷಿ ಅಧಿಕಾರಿ ಮಮತಾ ಮೇಡಂ, ಈ ಗಿಡವನ್ನೇ ತಿಂದು ಬದುಕುವ ಜೀರುಂಡೆಗಳಿವೆ, ಗೋಮಾಳಕ್ಕೆ ಬಿಟ್ಟರೆ ಅಲ್ಲೇ ಮರಿ ಮಾಡಿಕೊಂಡು ಕಳೆಯನ್ನು ಹದ್ದುಬಸ್ತಿನಲ್ಲಿಡುತ್ತವೆ ಎಂದರು. ಅವನಿಗೆ ದೇವರೇ ಆರು ಕಾಲಿನ ಮೇಲೆ ನಡೆದು ಬಂದಂತಾಯಿತು. ಹುಳದ ಡಬ್ಬಿ ತರಲು ಬೆಳಗಿನ ಬಸ್ಸಿಗೇ ಜಗಳೂರಿಗೆ ಹೊರಟ. ಸಂಜೆ ಮೇಡಂ ನೋಡಲು ಬರುತ್ತಾರೆಂದು ಹೋಗುವಾಗ ಹೋಟೆಲಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು.

ಅಲ್ಲಿ ಚಹಾ ಕುಡಿಯುತ್ತಿದ್ದವನು ಪಕ್ಕದ ಮನೆಯ ಶಿವಮೂರ್ತಪ್ಪ, ಪಂಚಾಯ್ತಿ ಮೆಂಬರು. ಊರಿಗೆ ಅಧಿಕಾರಿ ಬರುತ್ತಾರೆಂದರೆ ಅವನ ಕೈಗೆ ಪೊರಕೆ ತಾನಾಗಿ ಬರುತ್ತದೆ. ತಿಪ್ಪೇಶಪ್ಪ ಡಬ್ಬಿ ಅಪ್ಪಿಕೊಂಡು ಮಧ್ಯಾಹ್ನ ಬಂದು ನೋಡಿದರೆ, ಗೋಮಾಳ ತಿರುಪತಿಗೆ ಹೋಗಿಬಂದ ತಲೆಯಂತೆ ನುಣ್ಣಗಿತ್ತು. ನರೇಗಾದ ಆಳುಗಳನ್ನೆಲ್ಲ ಕರೆಸಿ ಕುಡುಗೋಲು ಆಡಿಸಿ, ಕೊಯ್ದದ್ದಕ್ಕೆ ಬೆಂಕಿಯನ್ನೂ ಇಟ್ಟಾಗಿತ್ತು.

"ಇದೇನು ಮಾಡಿದಿ ಶಿವಮೂರ್ತಣ್ಣ?"

"ಮೇಡಂ ಬರೋ ಜಾಗ ಹಂಗೇ ಇದ್ರೆ ಊರಿನ ಮಾನ ಏನಾಗ್ಬೇಕು? ಈಗ ನೋಡು, ಊರೇ ಮುಖ ತೊಳ್ಕಂಡಂಗೆ ಐತೆ."

ಒಂದು ಗಳಿಗೆ ತಿಪ್ಪೇಶಪ್ಪನಿಗೂ ಖುಷಿಯೇ ಆಯಿತು. ಆದರೆ ಬುಡಗಳೆಲ್ಲ ನೆಲದಲ್ಲೇ ಇದ್ದವು, ನಾಲ್ಕು ಹನಿ ಬಿದ್ದರೆ ಮತ್ತೆ ಚಿಗುರುತ್ತವೆ. ಅಷ್ಟರಲ್ಲಿ ಹುಳ ಉಪವಾಸ ಸತ್ತರೆ ತುರಿಕೆ ತಪ್ಪಿದ್ದಲ್ಲ. ಹಸಿರು ಗಿಡದ ಮೇಲೆ ಇವತ್ತೇ ಬಿಡಬೇಕೆಂದು ಮೇಡಂ ಬೇರೆ ಹೇಳಿದ್ದರು.

ಬಿಸಿಲಲ್ಲಿ ಹೊಲ ಹೊಲ ತಿರುಗಿದ. ಬದುಗಳ ಮೇಲೆ ಪಾರ್ಥೇನಿಯಂ ಬೇಕಾದಷ್ಟಿತ್ತು. ಹುಳ ಬಿಡಲು ಮಾತ್ರ ಯಾರೂ ಒಪ್ಪಲಿಲ್ಲ. ಷಣ್ಮುಖಪ್ಪನಂತೂ, ಹುಳ ಮೆಕ್ಕೆಜೋಳಕ್ಕೆ ಬಾಯಿ ಹಾಕಿದರೆ ನಿನ್ನ ಎಮ್ಮೆ ನನ್ನ ಕೊಟ್ಟಿಗೆಗೆ ಬರುತ್ತದೆ ಎಂದುಬಿಟ್ಟ. ಕೊನೆಗೆ ಉಳಿದದ್ದು ಒಂದೇ ಜಾಗ, ತಿಪ್ಪೇಶಪ್ಪನ ಸ್ವಂತ ಹಿತ್ತಲು. ಅಲ್ಲಿನ ಕಳೆ ಕೀಳು ಎಂದು ಹೆಂಡತಿ ಸುಂಕಲಮ್ಮ ಯುಗಾದಿಯಿಂದ ಹೇಳುತ್ತಲೇ ಇದ್ದಳು. ಇವನು ತುರಿಕೆಯ ನೆಪ ಹೇಳುತ್ತಲೇ ಇದ್ದ. ಡಬ್ಬಿ ತೆರೆದದ್ದೇ ಜೀರುಂಡೆಗಳು ಬೀಗರೂಟಕ್ಕೆ ಕೂತವರ ಹಾಗೆ ಎಲೆಗೆ ಬಾಯಿ ಹಾಕಿದವು. ತಿಪ್ಪೇಶಪ್ಪನ ಜೀವ ತಣ್ಣಗಾಯಿತು.

ಸಂಜೆ ಬಂದ ಮೇಡಂ ಬೋಳು ಗೋಮಾಳ ನೋಡಿ, ಹುಳ ಎಲ್ಲಿ ಎಂದು ಕೇಳಿದರು. ಹಿತ್ತಲು ನೋಡಿದ ಮೇಲೆ ಅವರ ಮುಖ ಅರಳಿತು. ಗೋಮಾಳ ಚಿಗುರುವ ತನಕ ಹುಳ ಇಲ್ಲೇ ಬೆಳೆಯಲಿ, ಸುತ್ತಲ ಊರುಗಳಿಗೂ ಇಲ್ಲಿಂದಲೇ ಕೊಡೋಣ, ಒಂದು ಗಿಡವನ್ನೂ ಕೀಳಬೇಡಿ, ಮಳೆ ಕೈಕೊಟ್ಟರೆ ನೀರು ಹಾಕಿ ಎಂದರು. ತಿಪ್ಪೇಶಪ್ಪ ಗಂಧೆ ಎದ್ದ ತೋಳು ಮುಂದೆ ಚಾಚಿದ.

"ತುಂಬುತೋಳಿನ ಅಂಗಿ ಹಾಕ್ಕೊಳ್ರಿ," ಎಂದರು ಮೇಡಂ. ಈ ಹುಳ ಬೆಳೆಯ ತಂಟೆಗೆ ಬರುವುದಿಲ್ಲ, ತಿನ್ನುವುದು ಈ ಕಳೆಯನ್ನೇ ಎಂದು ನೆರೆದವರಿಗೂ ಬಿಡಿಸಿ ಹೇಳಿ ಜೀಪು ಹತ್ತಿದರು.

ಊರಿನವರಿಗೆ ಆಗ ಜ್ಞಾನೋದಯವಾಯಿತು. ದೀಪ ಹಚ್ಚುವ ಹೊತ್ತಿಗೆ ತಿಪ್ಪೇಶಪ್ಪನ ಬಾಗಿಲಲ್ಲಿ ಜನವೋ ಜನ. ಮದುವೆಗೆ ಮುಯ್ಯಿ ತಂದವರಂತೆ ಒಬ್ಬೊಬ್ಬರೂ ತಮ್ಮ ಬದುವಿನ ಪಾರ್ಥೇನಿಯಂ ಬೇರು ಸಮೇತ ಕಿತ್ತು, ಬುಟ್ಟಿಯಲ್ಲಿ ಹೊತ್ತು ತಂದಿದ್ದರು. ಎಲ್ಲರಿಗಿಂತ ಮುಂದೆ ಷಣ್ಮುಖಪ್ಪ, ಅವನ ಹಿಂದೆ ಗುದ್ದಲಿ ಹಿಡಿದ ಶಿವಮೂರ್ತಪ್ಪ.

"ಹುಳಕ್ಕೆ ಊಟ ಕಮ್ಮಿ ಆಗಬಾರ್ದು ತಿಪ್ಪೇಶಣ್ಣ. ಎಲ್ಲಿ ನೆಡಾಣ ಹೇಳು," ಎಂದ ಶಿವಮೂರ್ತಪ್ಪ.

ತಿಪ್ಪೇಶಪ್ಪ ಬಾಯಿ ತೆರೆಯುವುದರೊಳಗೆ, ಮೇಡಂ ಮನೆಗೆ ಬಂದುಹೋದ ಸಂಭ್ರಮದಲ್ಲೇ ಇದ್ದ ಸುಂಕಲಮ್ಮ ಸೆರಗು ಸಿಕ್ಕಿಸಿಕೊಂಡು ಹೊರಬಂದಳು.

"ಬಚ್ಚಲ ಪಕ್ಕ ಸಾಲಾಗಿ ನೆಡ್ರಿ. ಇವರು ಮೈ ತೊಳ್ಕಂಡ ನೀರು ಹಂಗೇ ಬುಡಕ್ಕೆ ಹೋಗ್ತೈತೆ."