ಡಾಕ್ಟರ್ ಗಾಡಿ

ರಘೂತ್ತಮನಿಗೆ ಕಾರು ಬೇಕಾದದ್ದು ಓಡಾಡುವುದಕ್ಕಲ್ಲ. ರೋಣದಲ್ಲಿ ಅವನ ಮನೆಯಿಂದ ಅವನು ಗಣಿತ ಕಲಿಸುವ ಹೈಸ್ಕೂಲಿಗೆ ನಡೆದರೆ ಆರು ನಿಮಿಷ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದರೆ ಇಪ್ಪತ್ತು. ಅವನಿಗೆ ಕಾರು ಬೇಕಾದದ್ದು ಗಜೇಂದ್ರಗಡದಲ್ಲಿ, ತನ್ನ ಷಡ್ಡಕ ಹೇಮಂತನ ಮನೆಯ ಮುಂದೆ ನಿಲ್ಲಿಸುವುದಕ್ಕೆ.

ಹೇಮಂತನೆಂದರೆ ಹೆಂಡತಿ ದೀಪಶ್ರೀಯ ಅಕ್ಕ ಶ್ರದ್ಧಾಳ ಗಂಡ. ಗುತ್ತಿಗೆದಾರ. ಅವನ ಕಾರು ಎಷ್ಟು ಎತ್ತರವೆಂದರೆ ಹತ್ತುವವರು ಮೊದಲು ದೇವರನ್ನು ನೆನೆಯಬೇಕು. ಪ್ರತಿ ಹಬ್ಬಕ್ಕೂ ರಘೂತ್ತಮ ಬಸ್ಸಿನಿಂದಿಳಿದು, ಕೈಯಲ್ಲೊಂದು ಚೀಲ, ಬಗಲಲ್ಲೊಂದು ಚೀಲ ಹಿಡಿದು, ಬೆವರೊರೆಸಿಕೊಳ್ಳಲು ಮೂರನೆಯ ಕೈಯಿಲ್ಲದೆ ಬಂದು ನಿಂತಾಗ ಹೇಮಂತ ಬಾಗಿಲಲ್ಲೇ ಕೇಳುತ್ತಿದ್ದ: "ಬಸ್ ಭಾಳ ರಷ್ ಇತ್ತೇನು?" ಆ ಧ್ವನಿಯಲ್ಲಿ ಕರುಣೆ ಇರುತ್ತಿತ್ತು. ಬೈದಿದ್ದರೆ ರಘೂತ್ತಮ ಸಹಿಸಿಕೊಳ್ಳುತ್ತಿದ್ದ.

ಈಗ ಹೇಮಂತ ಹೊಸ ಮನೆ ಕಟ್ಟಿಸಿದ್ದ. ವಾಸ್ತುಶಾಂತಿಗೆ ಇನ್ನು ಒಂದು ತಿಂಗಳು. ಆಮಂತ್ರಣ ಕೈಗೆ ಬಂದ ದಿನವೇ ರಘೂತ್ತಮ ಭೀಷಣ ಪ್ರತಿಜ್ಞೆ ಮಾಡಿಬಿಟ್ಟ.

"ಈ ಸಲ ನಾವು ಕಾರಿನ್ಯಾಗ ಹೋಗೂದು. ಹಳೇದಾದ್ರೂ ಅಡ್ಡಿಯಿಲ್ಲ. ಸಣ್ಣ ಡಬ್ಬಿಯಂಥಾದ್ದು ಬ್ಯಾಡ, ಹಿಂದ ಉದ್ದಾನ ಡಿಕ್ಕಿ ಇರೋ ಗಾಡಿ ಬೇಕು."

ದೀಪಶ್ರೀ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: "ಹಿಂದಿನ ಡಿಕ್ಕಿ ಎಷ್ಟರ ಉದ್ದ ಇರ್ಲಿ. ಮುಂದ ಡಿಕ್ಕಿ ಆಗಬಾರ್ದು, ಅಷ್ಟ."

"ನನ್ನ ಡ್ರೈವಿಂಗ್ ಮ್ಯಾಲ ನಿನಗ ನಂಬಿಕಿ ಇಲ್ಲೇನು?"

"ಭಾಳ ನಂಬಿಕಿ ಅದರಿ. ಸ್ಕೂಟರ್ ಮ್ಯಾಲಿಂದ ನನ್ನ ಎರಡು ಸಲ ಬೀಳಿಸೀರಿ, ಮೂರನೇದ್ದೂ ಬೀಳಿಸ್ತೀರಿ ಅಂತ ನಂಬಿಕಿ ಅದ."

ಗೆಳೆಯರೊಬ್ಬರ ಮಾತಿನ ಮೇಲೆ ರಘೂತ್ತಮ ನರಗುಂದಕ್ಕೆ ಹೋಗಿ ಕಾರು ನೋಡಿದ. ಹದಿನೈದು ವರ್ಷದ್ದು. ಹುಟ್ಟಿದಾಗ ಬಿಳಿ, ಈಗ ಕೆನೆಗಟ್ಟಿದ ಹಾಲಿನ ಬಣ್ಣ. ನಾಲ್ಕು ಕಿಟಕಿಗಳಲ್ಲಿ ಮೂರು ಇಳಿಯುತ್ತಿದ್ದವು, ಎರಡು ಏರುತ್ತಿದ್ದವು. ಹಿಂದಿನ ಎರಡೂ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿದ್ದವು. ಬೆಲೆ ಕೇಳಿದ ಮೇಲೆ ಮಾತ್ರ ಈ ಎಲ್ಲ ದೋಷಗಳೂ ಗುಣಗಳಂತೆ ಕಂಡವು.

ಮಾಲೀಕರು ನಿವೃತ್ತ ಡಾಕ್ಟರ್ ಕುತುಬುದ್ದೀನ. ಕಾರಿನ ಬೆನ್ನು ಸವರುತ್ತ ಅವರು ಹೇಳಿದರು: "ರೋಣ, ನರಗುಂದ, ಗಜೇಂದ್ರಗಡ, ಈ ಗಾಡಿ ನೋಡದ ಊರ ಇಲ್ರಿ ಮಾಸ್ತರ. ಎಲ್ಲಿ ನಿಂತ್ರೂ ಮಂದಿ ಓಡಿ ಬರ್ತಾರ."

"ನಿಮ್ಮ ಮ್ಯಾಲ ಅಷ್ಟು ಪ್ರೀತಿ ಏನ್ರಿ?"

"ಪ್ರೀತೀನೂ ಐತ್ರಿ. ಹೆಚ್ಚಿಂದು ತಳ್ಳಾಕ."

ಡಾಕ್ಟರು ಬಹಳ ದೊಡ್ಡ ಮನುಷ್ಯರು. ಮೂವತ್ತು ವರ್ಷ ಊರೂರು ತಿರುಗಿ ಸೇವೆ ಮಾಡಿದವರು. ಒಂದೇ ಸಂಗತಿಯೆಂದರೆ ಅವರು ದನದ ಡಾಕ್ಟರು. ಈ ಒಂದೇ ಸಂಗತಿಯನ್ನು ರಘೂತ್ತಮ ಮನೆಯಲ್ಲಿ ಹೇಳಲು ಮರೆತ. (ಮರೆಯಬೇಕೆಂದು ನರಗುಂದದಿಂದ ರೋಣದವರೆಗೂ ನೆನಪಿಟ್ಟುಕೊಂಡು ಬಂದಿದ್ದ.)

"ಡಾಕ್ಟರ್ ಗಾಡಿ," ಎಂದ ಮನೆಯವರಿಗೆಲ್ಲ, ಎದೆಯುಬ್ಬಿಸಿ.

ತಾಯಿ ಭೀಮಾಬಾಯಿ ಕಾರಿಗೆ ಕುಂಕುಮ ಹಚ್ಚಿ, "ಡಾಕ್ಟರಂದ್ರ ಸ್ವಚ್ಛ ಇಟ್ಟಿರ್ತಾರ, ಚಲೋ ಆತು," ಎಂದರು. ಆಮೇಲೆ ಮೂಗೆಳೆದು, "ಒಳಗ ಏನೋ ಹಿಂಡಿ ವಾಸನಿ ಬರ್ತದಲ್ಲೋ ರಘು?" ಎಂದರು.

"ಔಷಧದ್ದಿರಬೇಕವ್ವಾ," ಎಂದ ರಘು.

ಹೇಮಂತನಿಗೂ ಫೋನಿನಲ್ಲಿ ಸುದ್ದಿ ಮುಟ್ಟಿಸಿದ.

"ಯಾವ ಡಾಕ್ಟರಂದು? ಹಾರ್ಟಿನವರದೇನು?"

ರಘೂತ್ತಮ ಸುಳ್ಳಾಡುವವನಲ್ಲ. "ಎಲ್ಲಾನೂ ನೋಡ್ತಾರ," ಎಂದ. "ಭಾಳ ಕೈಗುಣ ಇದ್ದವರು. ಮೂವತ್ತು ವರ್ಷದಾಗ ಒಬ್ಬ ಪೇಷಂಟೂ ಎದುರು ಮಾತಾಡಿಲ್ಲಂತ."

ವಾಸ್ತುಶಾಂತಿಯ ಬೆಳಗು ಬಂತು. ರಘೂತ್ತಮ ಇಸ್ತ್ರಿ ಅಂಗಿ ತೊಟ್ಟು ಸ್ಟೀರಿಂಗ್ ಹಿಡಿದ. ಪಕ್ಕದಲ್ಲಿ ಇಳಕಲ್ ಸೀರೆಯ ದೀಪಶ್ರೀ. ಹಿಂದೆ ಭೀಮಾಬಾಯಿ, ತೊಡೆಯ ಮೇಲೆ ಬುಂದಿ ಉಂಡಿಯ ಸ್ಟೀಲಿನ ಡಬ್ಬಿ. ಊರಿನಿಂದ ಹೊರಬಿದ್ದು ಎರೆಹೊಲಗಳ ನಡುವೆ ಕಾರು ಸಾಗುತ್ತಿದ್ದರೆ ರಘೂತ್ತಮನ ಕಣ್ಣಿಗೆ ರಸ್ತೆ ಕಾಣುತ್ತಿರಲಿಲ್ಲ. ಹೇಮಂತನ ಮುಖ ಕಾಣುತ್ತಿತ್ತು. ಅದಕ್ಕೇ ಅಬ್ಬಿಗೇರಿಯ ಹತ್ತಿರ ನಡುರಸ್ತೆಯಲ್ಲಿ ಎರಡೂ ಕೈ ಅಗಲಿಸಿ ನಿಂತಿದ್ದ ಮನುಷ್ಯ ಕೊನೆಯ ಗಳಿಗೆಯಲ್ಲಿ ಕಂಡ. ಬ್ರೇಕ್ ಹಿಡಿಯಿತು. (ಅದು ಹಿಡಿಯುತ್ತದೆಂದು ಗೊತ್ತಾದದ್ದೂ ಆಗಲೇ.)

"ಬಂದ್ರ್ಯಾ ಸಾಹೇಬ್ರ! ಎರಡು ದಿನದಿಂದ ಎಮ್ಮಿ ಮೇವು ಮುಟ್ಟವಲ್ದ್ರಿ!" ಎನ್ನುತ್ತ ಆತ ಕಿಟಕಿಯೊಳಗೆ ತಲೆ ತೂರಿಸಿದ. ಮುಖ ನೋಡಿ ಬೆಚ್ಚಿದ. "ಡಾಕ್ಟರ್ ಎಲ್ಲೆದಾರ್ರಿ?"

"ಡಾಕ್ಟರ್ ರಿಟೈರ್ ಆಗ್ಯಾರ. ಗಾಡಿ ನಾನು ತಗೊಂಡೇನಿ," ಎಂದ ರಘೂತ್ತಮ ಪಿಸುಧ್ವನಿಯಲ್ಲಿ.

"ಅಂದ್ರ ಹೊಸಾ ಡಾಕ್ಟರ್ ನೀವ ಏನ್ರಿ?"

"ಅಲ್ಲಪ್ಪಾ! ನಾ ಗಣಿತ ಮಾಸ್ತರ!"

ಆ ಮನುಷ್ಯ, ಪರಶಪ್ಪ, ಸ್ವಲ್ಪ ಯೋಚಿಸಿದ. "ಇರ್ಲಿ ಬಿಡ್ರಿ. ಕಲಿತವರಿದ್ದೀರಿ. ಒಂದೀಟು ನೋಡಿ ಹೋಗ್ರಿ."

ಪಕ್ಕದ ಸೀಟಿನಿಂದ ಅತ್ಯಂತ ಮೃದುವಾದ ಧ್ವನಿ ಬಂತು. ದೀಪಶ್ರೀಯ ಧ್ವನಿ ಮೃದುವಾದರೆ ಮನೆಯಲ್ಲಿ ಬೆಕ್ಕೂ ನಿಲ್ಲುವುದಿಲ್ಲ. "ಏನ್ರಿ, ಇದು ಯಾರ ಡಾಕ್ಟರ್ ಗಾಡಿ?"

"ನರಗುಂದದವರದು ಅಂತ ಹೇಳಿದ್ನಲ್ಲಾ..."

"ಎಲ್ಲಿ ಡಾಕ್ಟರ್ ಅಂತ ಕೇಳಲಿಲ್ಲ. ಯಾರ ಡಾಕ್ಟರ್ ಅಂತ ಕೇಳಿದೆ."

ಉತ್ತರವನ್ನು ಪರಶಪ್ಪನೇ ಕೊಟ್ಟ: "ದನದ ಡಾಕ್ಟರ್‌ರಿ ಅವ್ವಾರ. ಈ ಡಿಕ್ಕಿಯೊಳಗ ನಮ್ಮ ಎರಡು ಕರಾ ದವಾಖಾನಿಗೆ ಹೋಗಿ ಬಂದಾವ."

ಭೀಮಾಬಾಯಿ ಉಂಡಿಯ ಡಬ್ಬಿಯನ್ನು ಸೀಟಿಗೆ ತಾಗದಂತೆ ಎದೆಗವಚಿಕೊಂಡರು. "ಹಿಂಡಿ ವಾಸನಿ ಅಂತ ನಾ ಹೇಳಿದ್ನೋ ಇಲ್ಲೋ?"

ರಘೂತ್ತಮ ಕೆಳಗಿಳಿದು ಕುತುಬುದ್ದೀನರಿಗೆ ಫೋನು ಹಚ್ಚಿದ. ಅವರು ಕೇಳಿದ್ದನ್ನು ಇವನು ಪರಶಪ್ಪನಿಗೆ ಕೇಳಿ, ಪರಶಪ್ಪ ಹೇಳಿದ್ದನ್ನು ಅವರಿಗೆ ಮುಟ್ಟಿಸಿ, ಎಮ್ಮೆಯ ಹೊಟ್ಟೆ, ಸಗಣಿ, ಮೆಲುಕು ಎಲ್ಲವನ್ನೂ ನಡುರಸ್ತೆಯಲ್ಲಿ ನಿಂತು ಗಟ್ಟಿಯಾಗಿ ವರ್ಣಿಸಿ, ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟ. ಪರಶಪ್ಪ ಸಂತೋಷದಿಂದ ಒಂದು ಹೊರೆ ಹಸಿ ಕಡಲೆಗಿಡ ತಂದು ಡಿಕ್ಕಿಗೆ ತುರುಕಿದ. ಅಷ್ಟರಲ್ಲಿ ಮುಕ್ಕಾಲು ತಾಸು ಹೋಗಿತ್ತು. ಗಜೇಂದ್ರಗಡ ಹತ್ತಿರವಾದಾಗ ದೀಪಶ್ರೀ, "ನಿಮ್ಮ ಗಾಡಿ ಅಕ್ಕನ ಮನಿ ಮುಂದ ನಿಲ್ಲಿಸಬ್ಯಾಡ್ರಿ, ಹಿಂದಿನ ಓಣ್ಯಾಗ ನಿಲ್ಲಸ್ರಿ," ಎಂದಳು.

ಆದರೆ ತಿಂಗಳಿಡೀ ಕಂಡ ಕನಸನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸುವುದು ಯಾರಿಗೆ ಸಾಧ್ಯ?

ಅತ್ತ ಹೇಮಂತನ ಹೊಸ ಮನೆಯ ಮುಂದೆ ಘೋರ ಪರಿಸ್ಥಿತಿ ಇತ್ತು. ಹೊಸ್ತಿಲು ದಾಟಿಸಲು ಮುತ್ತಣ್ಣನೆಂಬ ರೈತ ತನ್ನ ಆಕಳು ಗೌರಿಯನ್ನು ತಂದಿದ್ದ. ಅರಿಷಿಣ ಹಚ್ಚಿ, ಕೋಡಿಗೆ ಹೂ ಸುತ್ತಿ, ಬೆನ್ನಿಗೆ ಜರಿ ಖಣ ಹೊದಿಸಿದ್ದರು. ಆದರೆ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ನೆಲ ನೋಡಿದ ಗೌರಿ ಬಾಗಿಲಲ್ಲೇ ಕಾಲೂರಿಬಿಟ್ಟಿತ್ತು. ಬೆಲ್ಲ ಕೊಟ್ಟರು, ತಿಂದಿತು. ಬಾಳೆಹಣ್ಣು ಕೊಟ್ಟರು, ಗೊನೆ ಖಾಲಿ ಮಾಡಿತು. ಒಂದು ಹೆಜ್ಜೆ ಇಡಲಿಲ್ಲ. ಮುಹೂರ್ತಕ್ಕೆ ಉಳಿದದ್ದು ನಾಲ್ಕು ನಿಮಿಷ. ಪೌರೋಹಿತ್ಯಕ್ಕೆ ಬಂದ ರಾಘಣ್ಣಾಚಾರ್ಯರು ಮಂತ್ರಕ್ಕೊಮ್ಮೆ ಗಡಿಯಾರ ನೋಡುತ್ತಿದ್ದರು. ಶ್ರದ್ಧಾಳ ಕಣ್ಣು ತುಂಬಿತ್ತು. ಹೇಮಂತ ಪಟ್ಟೆಮಡಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ ಆಕಳ ಹಿಂಭಾಗಕ್ಕೆ ಭುಜ ಕೊಟ್ಟು ನೂಕುತ್ತಿದ್ದ.

ಆಗ ಓಣಿಯ ತಿರುವಿನಲ್ಲಿ ರಘೂತ್ತಮನ ಕಾರು ಕಾಣಿಸಿತು. ಇಡೀ ಬಳಗ ಹೊರಗೇ ನಿಂತದ್ದನ್ನು ಕಂಡು ತನ್ನ ಸ್ವಾಗತಕ್ಕೇ ನಿಂತಿದ್ದಾರೆಂದು ಅವನ ಹೃದಯ ಹಿಗ್ಗಿತು. ಉದ್ದಕ್ಕೆ ಹಾರ್ನ್ ಬಾರಿಸಿದ. ಗೌರಿ ತಲೆಯೆತ್ತಿತು. ಕಿವಿ ನಿಮಿರಿಸಿತು. ತಿರುಗಿ ನೋಡಿತು. ಕಾರು ನಿಂತಿತು, ಬಾಗಿಲು ತೆರೆಯಿತು, ಹಿಂದಿನ ಸೀಟಿನಿಂದ ಉಂಡಿಯ ಸ್ಟೀಲಿನ ಡಬ್ಬಿ ಇಸಿದುಕೊಂಡು ಮನುಷ್ಯನೊಬ್ಬ ಇಳಿದು ಅದರ ಕಡೆಗೇ ನಗುತ್ತ ನಡೆದು ಬಂದ.

ಗೌರಿ ಒಮ್ಮೆ "ಅಂಬಾ" ಎಂದು ಚೀರಿ, ಬಾಲ ಎತ್ತಿ, ಹೊಸ್ತಿಲನ್ನು ಗಾಳಿಯಲ್ಲೇ ದಾಟಿ ಮನೆಯೊಳಗೆ ಹಾರಿತು. ಆಸರೆ ತಪ್ಪಿದ ಹೇಮಂತ ರಂಗೋಲಿಯ ನಟ್ಟನಡುವೆ ಸಾಷ್ಟಾಂಗ ಬಿದ್ದ.

"ದನದ ಡಾಕ್ಟರ್ ಗಾಡಿ ಬಂತ್ರೋ!" ಎಂದು ಮುತ್ತಣ್ಣ ಓಣಿಗೆಲ್ಲ ಕೇಳುವಂತೆ ಕೂಗಿದ. "ಈ ಗಾಡಿ ಕಂಡ್ರ ಸೂಜಿ ಚುಚ್ಚತಾರ ಅಂತ ನಮ್ಮ ಗೌರಿಗೆ ಗೊತ್ತೈತ್ರಿ! ಎಂಟು ವರ್ಷ ಚುಚ್ಚಿಸ್ಕೊಂಡಾಳ!"

ಹೇಮಂತ ಮೂಗಿಗೆ ಹತ್ತಿದ ರಂಗೋಲಿ ಸಮೇತ ತಲೆಯೆತ್ತಿದ. "ದನದ ಡಾಕ್ಟರೇನು?"

"ಎಲ್ಲಾನೂ ನೋಡ್ತಾರ ಅಂದಿದ್ನಲ್ಲ," ಎಂದ ರಘೂತ್ತಮ. ಕಾಲ ಕೆಳಗಿನ ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ, ಅದೂ ಗ್ರಾನೈಟು.

ಅಷ್ಟರಲ್ಲಿ ಒಳಗಿನಿಂದ ರಾಘಣ್ಣಾಚಾರ್ಯರ ಧ್ವನಿ ಮೊಳಗಿತು: "ಮುಹೂರ್ತ ಸಾಧಿಸ್ತು! ಗೋಮಾತಾ ಓಡಿಕೋತ ಬಂದು ದೇವರ ಮನಿಯೊಳಗ ನಿಂತಾಳ! ಸಗಣೀನೂ ಹಾಕ್ಯಾಳ, ಗಂಜಳಾನೂ ಆತು! ನಲವತ್ತು ವರ್ಷದ ಪೌರೋಹಿತ್ಯದಾಗ ಇಂಥಾ ಉತ್ಸಾಹದ ಪ್ರವೇಶ ನಾ ನೋಡಿಲ್ಲ!"

ಅಳುತ್ತಿದ್ದ ಶ್ರದ್ಧಾ ನಕ್ಕಳು. ನಗುತ್ತಲೇ ಆರತಿ ತಟ್ಟೆ ತಂದಳು. ರಘೂತ್ತಮ ಅಂಗಿಯ ಕಾಲರ್ ಸರಿಮಾಡಿಕೊಂಡು ಹಣೆ ಮುಂದೆ ಚಾಚಿದ. ಅವಳು ಅವನನ್ನು ಸುತ್ತುಬಳಸಿ ಹೋಗಿ ಕಾರಿಗೆ ಆರತಿ ಎತ್ತಿದಳು. ಆಚಾರ್ಯರು ಹೊರಗೆ ಬಂದು ಬಾನೆಟ್ಟಿಗೆ ಹೂ ಏರಿಸಿದರು. ಹೇಮಂತ ಕೂಡ, ರಂಗೋಲಿ ಒರೆಸಿಕೊಂಡು, ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಟೈರು ನೋಡುವ ನೆಪದಲ್ಲಿ.

"ನಮ್ಮ ಗಾಡಿ ಅಕ್ಕಾ!" ಎಂದಳು ದೀಪಶ್ರೀ, ಸೆರಗು ಸರಿಪಡಿಸಿಕೊಳ್ಳುತ್ತ. (ಭೀಮಾಬಾಯಿ ಮಾತ್ರ ಇನ್ನೂ ಹಿಂದಿನ ಸೀಟಿನಲ್ಲಿದ್ದು ಕಿಟಕಿ ಬಡಿಯುತ್ತಿದ್ದರು. ಬಾಗಿಲನ್ನು ಹೊರಗಿನಿಂದ ತೆರೆಯಬೇಕೆಂಬುದು ಯಾರಿಗೂ ನೆನಪಾಗಿರಲಿಲ್ಲ.)

ಸುದ್ದಿ ಮೂರು ತಾಲೂಕಿಗೂ ಹರಡಿತು. ಹೊಸ ಮನೆಗಳಿಗೆ ಹೊಳೆಯುವ ನೆಲ ಹಾಕಿಸುವವರು ಎಲ್ಲೆಡೆ ಇದ್ದರು, ಒಳಗೆ ಹೋಗಲೊಲ್ಲದ ಆಕಳುಗಳೂ ಇದ್ದವು. ಹದಿನೈದೇ ದಿನದಲ್ಲಿ ಸವಡಿಯಿಂದ ಒಬ್ಬರು ಫೋನು ಮಾಡಿದರು.

"ಮಾಸ್ತರ, ಬರೋ ಗುರುವಾರ ನಮ್ಮ ಮನಿ ವಾಸ್ತುಶಾಂತಿ. ನಿಮ್ಮ ಗಾಡಿ ಬರಲಿಕ್ಕೇ ಬೇಕ್ರಿ."

"ಬರ್ತೀವ್ರಿ, ಬರ್ತೀವ್ರಿ. ನಾನು, ನಮ್ಮ ಮನಿಯವರು, ನಮ್ಮ ತಾಯಿ, ಮೂವರೂ ಬರ್ತೀವಿ," ಎಂದ ರಘೂತ್ತಮ ಉಬ್ಬಿ.

ಅತ್ತ ಕಡೆಯವರು ಸ್ವಲ್ಪ ತಡವರಿಸಿದರು. "ನಿಮಗ್ಯಾಕ್ರಿ ಸುಮ್ಮನ ತ್ರಾಸ? ಡ್ರೈವರ್ ಕೈಯಾಗ ಗಾಡಿ ಕಳಿಸಿಬಿಡ್ರಿ, ಸಾಕು."

"ಡ್ರೈವರ್ ಇಲ್ರಿ. ನಾನ ನಡಸ್ತೇನಿ."

"ಹಂಗೇನ್ರಿ? ಹಂಗಾರ ನೀವೊಬ್ಬರ ಬರ್ರಿ, ಅಡ್ಡಿಯಿಲ್ಲ. ಊಟ ಇಲ್ಲೇ ಮಾಡ್ರಿ. ಡ್ರೈವರ್‌ಗೋಳ ಪಂಕ್ತಿ ಕಡೀಕ ಇರ್ತದ."