ಡೈರಿ ಸೆಕ್ರೆಟ್ರಿಯ ಗೋಪ್ಯತಾ ಪರ್ವ

ಡೈರಿಯಿಂದ ಒಂದು ಕ್ಯಾನು ಹಾಲು ಚೆಲ್ಲಿ ಹೋದರೂ ಚಿಂತೆಯಿಲ್ಲ, ಇನ್ನು ಮೇಲೆ ಒಂದು ತೊಟ್ಟು ಮಾಹಿತಿ ಆಚೆ ಚೆಲ್ಲಬಾರದು! ಹೀಗಂತ ಕಂದಿಕೆರೆ ಕಡೆಯ ಒಂದು ಸಣ್ಣ ಊರಿನ ಹಾಲಿನ ಡೈರಿ ಸೆಕ್ರೆಟರಿ ರೇಣುಕಪ್ರಸಾದರು ತಿಪಟೂರಿನಿಂದ ವಾಪಸು ಬರುವ ಬಸ್ಸಿನಲ್ಲೇ ಶಪಥ ಮಾಡಿದರು. ಪಕ್ಕದ ಸೀಟಿನವರು ಗೊರಕೆ ಹೊಡೆಯುತ್ತಿದ್ದರಿಂದ ಶಪಥಕ್ಕೆ ಸಾಕ್ಷಿ ಯಾರೂ ಇರಲಿಲ್ಲ.

ತಿಪಟೂರಿನಲ್ಲಿ ಅವತ್ತು ವೈಯಕ್ತಿಕ ಮಾಹಿತಿ ರಕ್ಷಣೆ ಬಗ್ಗೆ ಒಂದು ದಿನದ ತರಬೇತಿ ಇತ್ತು. ಬಂದಿದ್ದ ಸಾಹೇಬರು ಹೇಳಿದ್ದು ಇಷ್ಟೇ: ಸದಸ್ಯರ ಆಧಾರ್ ನಂಬರು, ಫೋನ್ ನಂಬರು ಕಂಡಕಂಡವರಿಗೆ ಕೊಡಬೇಡಿ, ಕಂಪ್ಯೂಟರ್ ಪಾಸ್‌ವರ್ಡನ್ನು ಗೋಡೆ ಮೇಲೆ ಬರೆದಿಡಬೇಡಿ. ಮಿಕ್ಕಿದ್ದೆಲ್ಲ ನಮ್ಮ ರೇಣುಕಪ್ರಸಾದರು ಕೈಯಾರೆ ಸೇರಿಸಿಕೊಂಡದ್ದು.

ಆ ಡೈರಿಯ ರೂಢಿಯೇ ಬೇರೆ. ಬೆಳಿಗ್ಗೆ, ಸಂಜೆ ಜನ ಕ್ಯಾನು ಹಿಡಿದು ಸಾಲು ನಿಂತರೆ ಸೆಕ್ರೆಟರಿ ಒಬ್ಬೊಬ್ಬರ ಹಾಲು ಮಿಷನ್ನಿಗೆ ಹಾಕಿ, ನಂಬರು, ಹೆಸರು, ಹಾಲಿನ ರೇಟು ಗೊತ್ತುಮಾಡುವ ಕೊಬ್ಬಿನಂಶ ಅಂದರೆ ಫ್ಯಾಟು, ಮೂರನ್ನೂ ಊರಿಗೇ ಕೇಳುವ ಹಾಗೆ ಕೂಗಬೇಕು. "ನಲವತ್ತೆರಡು, ಬೋರಯ್ಯ, ಮೂರು ಎಂಟು!" ಅಂದ ಕೂಡಲೇ ಸಾಲಿನಲ್ಲಿ ಒಬ್ಬರು "ಏನ್ಲಾ ಬೋರ, ಬೂಸಾ ಹಾಕ್ದಂಗೈತೆ" ಅನ್ನುವರು. ಅಲ್ಲಿಂದ ಮಾತು ಹೊರಟರೆ ಯಾರ ಹಸು ಈಯಿತು, ಯಾರ ಮಗಳನ್ನು ನೋಡೋಕೆ ಶೆಟ್ಟಿಕೆರೆಯಿಂದ ಬಂದಿದ್ದರು, ಯಾರ ಮಂಡಿ ಹಿಡಿದುಕೊಂಡಿದೆ, ಎಲ್ಲ ಸುತ್ತಿಕೊಂಡು ಬರುತ್ತಿತ್ತು. ಹೆಂಡತಿ ಗುರುಶಾಂತಮ್ಮ ತೀರಿಕೊಂಡು ಮೂರು ವರ್ಷವಾಗಿ, ಮಕ್ಕಳೂ ಇಲ್ಲದ ರೇಣುಕಪ್ರಸಾದರ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಮಿಕ್ಸಿ ಒಂದೇ. ದಿನಕ್ಕೆ ಎರಡು ಸಲದ ಈ ಡೈರಿ ಮಾತೇ ಅವರ ಜೀವ. ಆದರೆ ಅದು ಅವರಿಗೇ ಗೊತ್ತಿರಲಿಲ್ಲ, ಪಾಪ.

ಮಾರನೇ ಬೆಳಿಗ್ಗೆ ಜನ ಬಂದು ನೋಡಿದರೆ ಬಾಗಿಲಿಂದ ಮೂರು ಅಡಿ ಆಚೆ ಸುಣ್ಣದ ಗೆರೆ! ಮಿಷನ್ನಿನ ಮುಂದೆ ಗುರುಶಾಂತಮ್ಮನ ಹಳೇ ಸೀರೆಯ ಪರದೆ! ಒಬ್ಬರು ಗೆರೆ ದಾಟಿದ ಮೇಲೆ ಇನ್ನೊಬ್ಬರು ಬರಬೇಕು. ಹೆಸರು ಕೂಗುವಂತಿಲ್ಲ. ಫ್ಯಾಟು ಕಿವಿಯಲ್ಲಿ ಮಾತ್ರ.

"ಹದಿನೇಳು, ಒಳಗೆ ಬನ್ನಿ," ಅಂದರು ಸೆಕ್ರೆಟರಿ.

ಹದಿನೇಳು ಅಂದರೆ ಹೊಂಬಾಳಮ್ಮ, ಎಪ್ಪತ್ತು ದಾಟಿದ ಮುದುಕಿ. "ನಂಗ್ ಹೆಸರಿಲ್ವೇನಪ್ಪ? ಪರದೆ ಬೇರೆ ಕಟ್ಟೀಯ. ನನ್ ಹಾಲಿಗೇನು ಒಳಗೆ ಹೆರಿಗೆ ಮಾಡಿಸ್ತೀಯಾ?"

"ಕಾನೂನು ಕಣಮ್ಮ. ನಿಮ್ಮ ಮಾಹಿತಿಯ ಒಡೆಯರು ನೀವೇ."

"ನಮ್ ಹಸುಗೆ ನಾನು ಒಡೆಯಳಾದ್ರೆ ಸಾಕು ಬುಡು," ಅಂತ ಹೊಂಬಾಳಮ್ಮ ಕ್ಯಾನು ಎತ್ತಿಕೊಂಡು ಒಳಗೆ ಹೋದಳು.

ಮೊದಲ ವಾರದಲ್ಲೇ ರಗಳೆ ಶುರುವಾಯಿತು. ಬೇರೆಯವರ ಫ್ಯಾಟು ಕಿವಿಗೆ ಬೀಳದೇ ಇದ್ದದ್ದಕ್ಕೆ ಪ್ರತಿಯೊಬ್ಬರಿಗೂ ಪಕ್ಕದವರದೇ ಜಾಸ್ತಿ ಬರುತ್ತಿದೆ ಅನ್ನುವ ಗುಮಾನಿ. ಹಿಂದೆ ಕೂಗಿದಾಗ ಕಾಲೆಳೆದು ನಗುತ್ತಿದ್ದವರು ಈಗ ಒಬ್ಬರನ್ನೊಬ್ಬರು ಗುರಾಯಿಸುತ್ತಾ ನಿಂತರು. ಯಾರೋ ಸಾಲಿನಲ್ಲಿ "ಬೋರಣ್ಣ, ನಿನ್ ಗಬ್ಬದ ಹಸು ಈಯೋದ್ಯಾವಾಗ?" ಅಂದರೆ ಪರದೆ ಹಿಂದಿಂದ ಸೆಕ್ರೆಟರಿಯ ದನಿ ಬಂತು: "ಅದು ಹಸುವಿನ ಖಾಸಗಿ ವಿಷಯ. ಸುಮ್ನಿರಿ."

ಆ ಹಸುವೇ ಕೆಲಸ ಕೆಡಿಸಿತು. ಒಂದು ಮಧ್ಯಾಹ್ನ ಈಯುವಾಗ ಹೊಟ್ಟೆಯಲ್ಲಿ ಕರು ಅಡ್ಡ ನಿಂತು ಬೋರಯ್ಯ ಗಾಬರಿಯಿಂದ ಪಶು ಡಾಕ್ಟರಿಗೆ ಫೋನು ಮಾಡಿದ. ಡಾಕ್ಟರು ಹೊಸಬರು. ಬೈಕು ನೇರ ಡೈರಿ ಮುಂದೆ ನಿಲ್ಲಿಸಿ, "ಬೋರಯ್ಯನ ಮನೆ ಎಲ್ಲಿ ಬರುತ್ತೆ?" ಅಂದರು.

"ಸದಸ್ಯರ ವಿಳಾಸ ಹಾಗೆಲ್ಲ ಹೇಳೋಕೆ ಬರಲ್ಲ ಸಾರ್. ಅವರ ಒಪ್ಪಿಗೆ ಬೇಕು."

"ರೀ, ಹಸು ಸಾಯ್ತಾ ಇದೆ ಅಂತ ಅವರೇ ಕರೆದಿದ್ದು. ಈಗ ಫೋನ್ ಎತ್ತುತಾ ಇಲ್ಲ."

"ಬರವಣಿಗೆಯಲ್ಲಿ ಕೊಟ್ಟಿದಾರಾ?"

ಡಾಕ್ಟರು ತಲೆ ಚಚ್ಚಿಕೊಂಡು, ತೋಟ ತೋಟ ಸುತ್ತಿ, ತೆಂಗಿನ ತೋಟದ ಹುಚ್ಚರಂಗಯ್ಯನ ಕೊಟ್ಟಿಗೆಗೆ ನುಗ್ಗಿ, ಗಬ್ಬವೇ ಇಲ್ಲದ ಹಸುವನ್ನು ಪರೀಕ್ಷೆ ಮಾಡಲು ಹೋಗಿ ಒದೆಸಿಕೊಂಡರು. ಕೊನೆಗೆ ಬೋರಯ್ಯನ ಮನೆ ಸಿಗುವ ಹೊತ್ತಿಗೆ ತಡವಾಗಿತ್ತು. ಅವನ ಹಸು ಉಳಿಯಿತು, ಕರು ಉಳಿಯಲಿಲ್ಲ.

ಬೋರಯ್ಯ ಜಗಳ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾರನೇ ದಿನದಿಂದ ಬಂದು, ಹಾಲು ಸುರಿದು, ಚೀಟಿ ತೆಗೆದುಕೊಂಡು ಹೋಗುತ್ತಿದ್ದ. ಅವನನ್ನು ನೋಡಿ ಊರವರೂ ಹಾಗೇ ಮಾಡಿದರು. ಸೆಕ್ರೆಟರಿ ಕೇಳಿದ ಶಿಸ್ತು ಪೂರಾ ಬಂತು. ಕ್ಯಾನು ತಾಗುವ ಸದ್ದು ಬಿಟ್ಟರೆ ಡೈರಿಯಲ್ಲಿ ಒಂದು ಕೆಮ್ಮೂ ಇಲ್ಲ.

ಮಾತೆಲ್ಲ ರಸ್ತೆಯಾಚೆ ಹುಚ್ಚರಂಗಯ್ಯನ ಮಟ್ಟೆ ರಾಶಿಗೆ ವರ್ಗವಾಗಿತ್ತು. ಹಾಲು ಹಾಕಿದವರು ನೇರ ಅಲ್ಲಿ ಹೋಗಿ, ಸುಲಿದ ಕಾಯಿ ಮಟ್ಟೆಗಳ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದರು. ನಗು ಡೈರಿಯವರೆಗೂ ಕೇಳುತ್ತಿತ್ತು, ಯಾತಕ್ಕೆ ಅಂತ ಮಾತ್ರ ಕೇಳುತ್ತಿರಲಿಲ್ಲ. ತಡೆಯಲಾರದೆ ಒಂದು ಸಂಜೆ ರೇಣುಕಪ್ರಸಾದರೂ ದಾಟಿ ಹೋದರು. "ಸೆಕ್ರೆಟ್ರಿ ಬಂದ್ರು, ಸುಮ್ಕಿರ್ರಲಾ," ಅಂದ ಹುಚ್ಚರಂಗಯ್ಯ. ಎಲ್ಲರೂ ಎದ್ದು ಮಟ್ಟೆ ಧೂಳು ಕೊಡವಿಕೊಂಡು ಮನೆ ದಾರಿ ಹಿಡಿದರು. ರೇಣುಕಪ್ರಸಾದರು ಸ್ವಲ್ಪ ಹೊತ್ತು ಒಬ್ಬರೇ ಅಲ್ಲಿ ಕೂತಿದ್ದು ಎದ್ದು ಬಂದರು.

ಹೊಂಬಾಳಮ್ಮನ ಮೊಮ್ಮಗಳು ಕೃತಿಕಾಳ ನಿಶ್ಚಿತಾರ್ಥ ಆಗಿಹೋದದ್ದು ಅವರಿಗೆ ತಿಳಿದದ್ದು ಎರಡು ದಿನ ಕಳೆದ ಮೇಲೆ, ಬೀದಿಯಲ್ಲಿ ಬಿದ್ದ ಎಂಜಲೆಲೆ ನೋಡಿ. "ನನ್ನೊಬ್ಬನ್ನೇ ಬಿಟ್ರಲ್ಲಮ್ಮ," ಅಂದರು.

"ಮನೆ ಮದುವೆ ವಿಷ್ಯ ಹೇಳಿದ್ರೆ ಎಲ್ಲಿ ಕೇಸ್ ಹಾಕ್ತೀಯೋ ಅಂತ ಭಯ ಆಯ್ತು ಕಣಪ್ಪ," ಅಂದಳು ಮುದುಕಿ. ತಮಾಷೆಗಲ್ಲ, ನಿಜವಾಗಿ ಹೆದರಿಯೇ ಹೇಳಿದಳು.

ಅವತ್ತೇ ರೇಣುಕಪ್ರಸಾದರು ಬಕೆಟ್ಟು ನೀರು ತಂದು ಗೆರೆ ತಿಕ್ಕಿದರು. ಪರದೆ ಬಿಚ್ಚಿ ಮಡಿಸಿ ಮನೆಗೆ ತಂದಿಟ್ಟರು. ಬೆಳಿಗ್ಗೆ ಗಂಟಲು ಸರಿಮಾಡಿಕೊಂಡು, ಹಿಂದಿನ ಹಾಗೇ ಕೂಗಿದರು: "ಬೋರಯ್ಯ!"

ಬೋರಯ್ಯ ತಲೆ ಎತ್ತಲಿಲ್ಲ. "ನಲವತ್ತೆರಡು ಅನ್ನಿ, ಸಾಕು," ಅಂದ.

ಮಧ್ಯಾಹ್ನ ಮನೆಗೆ ಬಂದು ಒಬ್ಬರೇ ಮುದ್ದೆ ಮುರಿಯುತ್ತಾ ಕೂತಿದ್ದಾಗ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಹೆಣ್ಣುಮಗಳ ದನಿ.

"ನಮಸ್ಕಾರ ಸಾರ್, ಆರೋಗ್ಯ ವಿಮೆ ಬಗ್ಗೆ ಎರಡು ನಿಮಿಷ ಮಾತಾಡಬಹುದಾ?"

"ಮಾತಾಡು ತಾಯಿ, ಮಾತಾಡು. ಊಟ ಆಯ್ತಾ?"

"ಆಯ್ತು ಸಾರ್. ನಿಮ್ಮ ಹೆಸರು, ವಯಸ್ಸು?"

ಹೆಸರು ಹೇಳಿದರು. ವಯಸ್ಸು ಐವತ್ತೆಂಟು ಅಂದರು. ಹುಟ್ಟಿದ ದಿನ, ನಕ್ಷತ್ರ ಹೇಳಿದರು. ಶುಗರ್ರು ಎಷ್ಟು, ಬಿಪಿ ಎಷ್ಟು, ಯಾವ ಮಾತ್ರೆ, ಯಾವ ಮಾತ್ರೆ ನುಂಗದೆ ಕಿಟಕಿಯಾಚೆ ಎಸೆಯುತ್ತಾರೆ ಅನ್ನುವುದನ್ನೂ ಹೇಳಿದರು. ಗುರುಶಾಂತಮ್ಮನಿಗೆ ಮೊದಲು ಬಂದದ್ದು ಬರೀ ಜ್ವರ ಅಂದರು. ಹುರುಳಿ ಸಾರಿಗೆ ಅವಳು ಒಂದು ಚೂರು ಬೆಲ್ಲ ಹಾಕುತ್ತಿದ್ದಳು, ತನಗೆ ಆ ಹದ ಇನ್ನೂ ಬಂದಿಲ್ಲ ಅಂದರು. ಬೋರಯ್ಯನ ಕರು ತನ್ನಿಂದ ಸತ್ತಿತು ಅಂದರು. ಹೇಳುತ್ತಾ ಹೇಳುತ್ತಾ ಕೈಯಲ್ಲಿದ್ದ ಮುದ್ದೆ ಒಣಗಿಹೋಯಿತು.

"ಸಾರ್, ಸಾರ್, ಒಂದ್ನಿಮಿಷ," ಅಂದಳು ಆ ಹುಡುಗಿ, ಪಾಪ, ತಗ್ಗಿದ ದನಿಯಲ್ಲಿ. "ಇಂಥ ಪರ್ಸನಲ್ ವಿಷಯ ಎಲ್ಲ ಗೊತ್ತಿಲ್ಲದವರ ಹತ್ರ ಹೇಳಬಾರದು ಸಾರ್. ಈ ಕಾಲ್ ರೆಕಾರ್ಡ್ ಬೇರೆ ಆಗ್ತಾ ಇದೆ."

"ಆಗ್ಲಿ ಬುಡಮ್ಮ," ಅಂದರು ರೇಣುಕಪ್ರಸಾದರು. "ಎಲ್ಲಾದ್ರೂ ಒಂದ್ ಕಡೆ ಇರ್ಲಿ. ನಾಳೆ ಎಷ್ಟೊತ್ತಿಗೆ ಮಾಡ್ತೀಯ?"